ಚಿಲ್ಲರೆ ಇಲ್ಲದ ಊರಿನಲ್ಲಿ

2009ರ ಮಾರ್ಚ್ ಮೊದಲ ವಾರ ನಾವಿಬ್ಬರು ಬ್ಯೂನಸ್ ಐರಿಸ್ ತಲುಪಿದಾಗ ನಮ್ಮ ಕೈಯಲ್ಲಿ ಡಾಲರ್ ಇತ್ತು, ಬದಲಾಯಿಸಿಕೊಂಡ ಪೆಸೊ ನೋಟುಗಳೂ ಇದ್ದವು. ಆದರೆ ಬಸ್ಸು ಹತ್ತುವ ಯೋಗ್ಯತೆ ಮಾತ್ರ ಇರಲಿಲ್ಲ.

ಆ ನಗರದ ಬಸ್ಸುಗಳಲ್ಲಿ ಕಂಡಕ್ಟರ್ ಇರುವುದಿಲ್ಲ. ಹತ್ತಿದ ಕೂಡಲೇ ಎಲ್ಲಿಗೆಂದು ಡ್ರೈವರನಿಗೆ ಹೇಳಬೇಕು. ಅವನು ಗುಂಡಿಯೊಂದನ್ನು ಒತ್ತುತ್ತಿದ್ದ. ನಾವು ಅಲ್ಲಿಯೇ ಇದ್ದ ಯಂತ್ರದ ಬಾಯಿಗೆ ನಾಣ್ಯಗಳನ್ನು ಹಾಕಬೇಕಿತ್ತು. ಯಂತ್ರ ನೋಟು ಮುಟ್ಟುತ್ತಿರಲಿಲ್ಲ. ನಮ್ಮ ದಾರಿಗೆ 1 ಪೆಸೊ 20 ಸೆಂತಾವೊ. ಒಂದು ಪೆಸೊ ಎಂದರೆ ಆಗ ನಮ್ಮ ಹದಿನಾಲ್ಕು ರೂಪಾಯಿಯ ಆಸುಪಾಸು. ದುಡ್ಡು ದೊಡ್ಡದಲ್ಲ. ಆದರೆ ಆ ವರ್ಷ ಇಡೀ ನಗರದಲ್ಲಿ ನಾಣ್ಯಗಳೇ ಮಾಯವಾಗಿದ್ದವು. ಅಂಗಡಿಗಳ ಗಾಜಿನ ಮೇಲೆ 'ನಾಣ್ಯ ಇಲ್ಲ' ಎಂಬ ಚೀಟಿ ಅಂಟಿಸಿದ್ದರು. ಲೋಹದ ಬೆಲೆ ನಾಣ್ಯದ ಬೆಲೆಯನ್ನು ಮೀರಿತು ಎಂದು ಕೆಲವರು, ಬಸ್ಸಿನ ಕಂಪನಿಗಳು ಕೂಡಿಟ್ಟುಕೊಂಡು ಹೆಚ್ಚಿನ ಬೆಲೆಗೆ ಮಾರುತ್ತವೆ ಎಂದು ಇನ್ನು ಕೆಲವರು ಹೇಳುತ್ತಿದ್ದರು. ಎರಡು ಪೆಸೊ ನೋಟು ಕೊಟ್ಟು ಬಾಳೆಹಣ್ಣು ಕೇಳಿದರೆ ಅಂಗಡಿಯವನು ಮೊದಲು ನಮ್ಮ ಮುಖ ನೋಡಿ, ಆಮೇಲೆ ಉಳಿದ ಹಣಕ್ಕೆ ಮಿಠಾಯಿ ಕೊಡುತ್ತಿದ್ದ. ಈ ಮಿಠಾಯಿ ಶಾಸ್ತ್ರ ನಮಗೆ ಊರಿನಲ್ಲೇ ಗೊತ್ತಿದ್ದದ್ದು. ಆದರೆ ಉಪ್ಪಿನಂಗಡಿಯಲ್ಲಿ ಮಿಠಾಯಿ ತಿಂದುಕೊಂಡೇ ಬಸ್ಸು ಹತ್ತಬಹುದು, ಇಲ್ಲಿ ಹಾಗಿರಲಿಲ್ಲ.

ಈಗ ಅದೆಲ್ಲ ಹಳೆಯ ಕತೆ. ಅದೇ ವರ್ಷ ಶುರುವಾದ 'ಸುಬೆ' ಎಂಬ ಕಾರ್ಡು ಎರಡು ಮೂರು ವರ್ಷಗಳಲ್ಲಿ ಎಲ್ಲ ಬಸ್ಸುಗಳಿಗೂ ಬಂದು ನಾಣ್ಯದ ಕಾಟ ಮುಗಿಯಿತು. ನಾವು ಹೋದದ್ದು ಮಾತ್ರ ಅದಕ್ಕೆ ಸ್ವಲ್ಪ ಮೊದಲು.

ನಾವು ಯಾರೆಂದು ಹೇಳಬೇಕು. ಇಬ್ಬರೂ ಕರಾವಳಿಯವರು. ಒಬ್ಬಳು ಉಪ್ಪಿನಂಗಡಿಯವಳು, ಮನೆಮಾತು ಬ್ಯಾರಿ, ತಲೆಗೆ ಸ್ಕಾರ್ಫ್ ಕಟ್ಟುವವಳು. ಇನ್ನೊಬ್ಬಳು ಕುಂದಾಪುರದವಳು, ಮೀನು ಮಾಂಸ ಒಲೆಯ ಹತ್ತಿರವೂ ಬರದ ಮನೆಯವಳು. ದೆಹಲಿಯಲ್ಲಿ ಸ್ಪ್ಯಾನಿಷ್ ಓದಲು ಹೋದಾಗ ಹಾಸ್ಟೆಲಿನಲ್ಲಿ ಒಂದೇ ಕೋಣೆ ಸಿಕ್ಕಿತು. ಕನ್ನಡ ಮಾತನಾಡಲು ಬೇರೆ ಯಾರೂ ಇರಲಿಲ್ಲವಾದ್ದರಿಂದ ಸ್ನೇಹವಾಯಿತು. ಆಮೇಲೆ ಒಂದು ಸೆಮಿಸ್ಟರಿನ ಓದಿಗೆ ಇಬ್ಬರೂ ಅರ್ಜಿ ಹಾಕಿದೆವು, ಇಬ್ಬರಿಗೂ ಸಿಕ್ಕಿತು. ಈ ಬರಹವನ್ನು ಇಬ್ಬರಲ್ಲಿ ಯಾರು ಬರೆದರೆಂದು ಓದುಗರು ಕೇಳಬಾರದು. ಒಬ್ಬಳು ಬರೆದದ್ದನ್ನು ಇನ್ನೊಬ್ಬಳು ಹೊಡೆದುಹಾಕಿದ್ದಾಳೆ, ಹೊಡೆದದ್ದನ್ನು ಮೊದಲನೆಯವಳು ಪುನಃ ಸೇರಿಸಿದ್ದಾಳೆ.

ಹೊರಡುವ ಮೊದಲು ಊರಿಗೆ ಹೋಗಿದ್ದೆವು. ಆ ವರ್ಷದ ಜನವರಿ 24ರಂದು ಮಂಗಳೂರಿನ ಪಬ್ ಒಂದಕ್ಕೆ ನುಗ್ಗಿ ಹುಡುಗಿಯರನ್ನು ಹೊಡೆದು ಅಟ್ಟಾಡಿಸಿದ್ದನ್ನು ದೇಶವೆಲ್ಲ ಟಿವಿಯಲ್ಲಿ ನೋಡಿತ್ತು. ಮದುವೆ ಮನೆಯಲ್ಲೂ ಮೀನಿನ ಮಾರುಕಟ್ಟೆಯಲ್ಲೂ ಅದೇ ಮಾತು. ಹೊಡೆದವರನ್ನು ಬಾಯ್ತುಂಬ ಬೈದವರು ಕೂಡ ಕೊನೆಗೆ ಸ್ವರ ತಗ್ಗಿಸಿ ಒಂದು ವಾಕ್ಯ ಸೇರಿಸುತ್ತಿದ್ದರು: "ಆದರೂ ಆ ಹುಡುಗಿಯರು ಅಲ್ಲಿಗೆ ಯಾಕೆ ಹೋದದ್ದು?" ಅಂತಹ ದಿನಗಳಲ್ಲಿ ಇಬ್ಬರು ಹುಡುಗಿಯರು, ಅದೂ ಒಬ್ಬಳು ಈ ಧರ್ಮದವಳು ಇನ್ನೊಬ್ಬಳು ಆ ಧರ್ಮದವಳು, ಭೂಮಿಯ ಆ ಕಡೆಗೆ ಹೊರಟು ನಿಂತರೆ ಮನೆಯವರ ಎದೆ ಹೊಡೆದುಕೊಳ್ಳದಿರುತ್ತದೆಯೇ? ಕೊನೆಗೆ ಎರಡು ಮನೆಗಳಲ್ಲೂ ಒಂದೇ ಷರತ್ತು. ಪ್ರತಿ ಭಾನುವಾರ ರಾತ್ರಿ ಊರಿನ ಒಂಬತ್ತು ಗಂಟೆಗೆ ಸರಿಯಾಗಿ ಫೋನ್ ಬರಬೇಕು. ಅಲ್ಲಿ ಆಗ ಮಧ್ಯಾಹ್ನ ಒಂದೂವರೆ. ಒಪ್ಪಿದೆವು.

ನಾವಿಳಿದದ್ದು ಬೊಯೆದೊ ಎಂಬ ಬಡಾವಣೆಯಲ್ಲಿ. ಎಪ್ಪತ್ತು ದಾಟಿದ, ಒಂದು ಬೆಕ್ಕಿನೊಡನೆ ಒಂಟಿಯಾಗಿದ್ದ ಅಜ್ಜಿಯೊಬ್ಬರು ತಮ್ಮ ಮನೆಯ ಒಂದು ಕೋಣೆಯನ್ನು ಬಾಡಿಗೆಗೆ ಕೊಟ್ಟಿದ್ದರು. ಅವರನ್ನು ನಾವು 'ಸೆನ್ಯೋರಾ' ಎನ್ನುತ್ತಿದ್ದೆವು, ನಮ್ಮೊಳಗೆ ಮಾತ್ರ 'ಅಜ್ಜಿ'. ಮಾರ್ಚ್ ಅಲ್ಲಿ ಬೇಸಿಗೆ ಮುಗಿದು ಎಲೆ ಉದುರಲು ತೊಡಗುವ ಕಾಲ. ಮಧ್ಯಾಹ್ನದ ಸೂರ್ಯ ಉತ್ತರದಲ್ಲಿ ನಿಲ್ಲುತ್ತಾನೆ. ಊರಿನಲ್ಲಿ ಪಶ್ಚಿಮಕ್ಕೆ ಮುಖ ಮಾಡಿ ನಮಾಝ್ ಮಾಡುತ್ತಿದ್ದ ಉಪ್ಪಿನಂಗಡಿಯವಳು ಇಲ್ಲಿ ಪೂರ್ವಕ್ಕೆ ತಿರುಗಬೇಕಿತ್ತು. ಸೂರ್ಯನನ್ನು ನಂಬಿ ದಿಕ್ಕು ಹಿಡಿದು ಮೊದಲ ದಿನವೇ ಅದನ್ನು ತಪ್ಪಿದಳು. ಕುಂದಾಪುರದವಳು ದಿಕ್ಸೂಚಿ ಹಿಡಿದು, "ಇತ್ತ ತಿರುಗು ಮಾರಾಯ್ತಿ" ಎಂದು ಸರಿಪಡಿಸಿದ್ದು.

ಭಾಷೆಯ ಕತೆ ಇನ್ನೊಂದು. ಮೂರು ವರ್ಷ ಓದಿದ ಸ್ಪ್ಯಾನಿಷ್ ನಮ್ಮದು, ಪರೀಕ್ಷೆಯಲ್ಲಿ ಒಳ್ಳೆಯ ಅಂಕವೂ ಬಂದಿತ್ತು. ಪುಸ್ತಕದಲ್ಲಿ ಬೀದಿಗೆ 'ಕಾಯೆ' ಎಂದಿದ್ದರೆ ಇವರು 'ಕಾಶೆ' ಎನ್ನುತ್ತಾರೆ. 'ಯೊ' ಎಂದರೆ 'ನಾನು' ಎಂದು ಕಲಿತು ಬಂದವರಿಗೆ ಊರೆಲ್ಲ 'ಶೊ, ಶೊ' ಎನ್ನುವಂತೆ ಕೇಳಿಸಿತು. 'ನೀನು' ಎಂಬುದಕ್ಕೆ ನಾವು ಕಲಿತ 'ತೂ' ಅವರ ಬಾಯಲ್ಲಿ ಇಲ್ಲವೇ ಇಲ್ಲ. ಎಲ್ಲರೂ 'ವೊಸ್', ಅದಕ್ಕೆ ಕ್ರಿಯಾಪದದ ರೂಪವೇ ಬೇರೆ. ಬೆಂಗಳೂರಿನ ಪಠ್ಯಪುಸ್ತಕದ ಕನ್ನಡ ಕಲಿತವನೊಬ್ಬ ನೇರವಾಗಿ ಕುಂದಾಪುರದ ಬಸ್‌ಸ್ಟ್ಯಾಂಡಿನಲ್ಲಿ ಇಳಿದು "ಎಲ್ಲಿಗ್ ಹೋಪ್ದು? ಯಾವಾಗ್ ಬಪ್ದು?" ಎಂಬುದನ್ನು ಕೇಳಿಸಿಕೊಂಡರೆ ಹೇಗೋ ಹಾಗಾಯಿತು. ಇನ್ನು ಬಸ್ಸು 'ಹಿಡಿಯುವುದು' ಎಂಬುದಕ್ಕೆ ಪುಸ್ತಕ ನಮಗೆ ಕಲಿಸಿದ ಕ್ರಿಯಾಪದ ಅಲ್ಲಿ ಮರ್ಯಾದಸ್ಥರು ನಾಲ್ಕು ಜನರೆದುರು ಆಡುವ ಮಾತಲ್ಲ. ಅದನ್ನು ನಾವು ಮೊದಲ ದಿನವೇ ಒಬ್ಬ ಪೋಲೀಸಿನವನ ಹತ್ತಿರ ಸ್ಪಷ್ಟ ಉಚ್ಚಾರಣೆಯಲ್ಲಿ ಆಡಿದೆವು. ಪಾಪ, ಅವನು ಆಕಾಶ ನೋಡುತ್ತಾ ದಾರಿ ತೋರಿಸಿದ.

ಆದರೆ ನಮ್ಮನ್ನು ಬಹಳ ಕಾಲ ಕಾಡಿದ್ದು ಬೇರೊಂದು ಪದ. ವಿಶ್ವವಿದ್ಯಾಲಯದ ಕಛೇರಿಯಲ್ಲಿ ಗುಮಾಸ್ತೆ ನಮ್ಮ ಪಾಸ್‌ಪೋರ್ಟ್ ತೆರೆದು ಸಂತೋಷದಿಂದ ಕೇಳಿದಳು, "ನೀವು 'ಇಂದೂ'ಗಳೋ?" ಅವರ ಭಾಷೆಯಲ್ಲಿ 'ಹ'ಕಾರ ಬಾಯಿಗೆ ಬರುವುದಿಲ್ಲ. ಹಿಂದೂ ಎಂದೇ ಕೇಳಿದ್ದು. ಕುಂದಾಪುರದವಳು ತಲೆಯಾಡಿಸಿದಳು. ಉಪ್ಪಿನಂಗಡಿಯವಳು, "ಅಲ್ಲ, ನಾನು ಮುಸ್ಲಿಮ್" ಎಂದಳು. ಗುಮಾಸ್ತೆಗೆ ಗೊಂದಲ. "ಅದು ಸರಿ, ಆದರೆ ಇಂದೂ ತಾನೆ? ಪಾಸ್‌ಪೋರ್ಟ್ ಇಂಡಿಯಾದ್ದಲ್ಲವೆ?"

ಆಮೇಲೆ ಅರ್ಥವಾಯಿತು. ಕೊಲಂಬಸ್ ದಾರಿ ತಪ್ಪಿ ಬಂದು ಅಮೆರಿಕದ ಮೂಲನಿವಾಸಿಗಳನ್ನು 'ಇಂದಿಯೊ' ಎಂದು ಕರೆದುಬಿಟ್ಟ. ಆ ಹೆಸರು ಅಲ್ಲಿ ಖರ್ಚಾಗಿಹೋದ್ದರಿಂದ ನಿಜವಾದ ಇಂಡಿಯಾದವರಿಗೆ ಬೇರೆ ಹೆಸರು ಬೇಕಾಯಿತು, 'ಇಂದೂ' ಎಂದರು. ಅಲ್ಲಿನ ಜನರ ಬಾಯಲ್ಲಿ ಅದು ಧರ್ಮದ ಹೆಸರಿಗಿಂತ ಮೊದಲು ದೇಶದ ಹೆಸರು. ಕ್ರೈಸ್ತನಾಗಲಿ, ಸಿಖ್ಖನಾಗಲಿ, ಮುಸಲ್ಮಾನನಾಗಲಿ, ಸಿಂಧೂ ನದಿಯ ಆಚೆಯಿಂದ ಬಂದವನೆಂದರೆ 'ಇಂದೂ'. ಹಜ್ಜಿಗೆ ಹೋದ ನಮ್ಮ ಹಿರಿಯರನ್ನು ಅರಬರು 'ಹಿಂದಿ' ಎಂದು ಕರೆದರೆ ಯಾರಿಗೂ ಏನೂ ಅನ್ನಿಸುವುದಿಲ್ಲ. ಆದರೆ ನಮ್ಮ ಊರಿನಲ್ಲಿ ಈ ಪದಕ್ಕೆ ಅಂಟಿಕೊಂಡಿರುವ ಭಾರವನ್ನು ಹೊತ್ತು ಬಂದವಳಿಗೆ ಅದು ಮೊದಲ ದಿನ ಸುಲಭವಾಗಲಿಲ್ಲ. ಊರಿನಲ್ಲಿ ಕೆಲವರು "ನೀವೆಲ್ಲ ಮೂಲದಲ್ಲಿ ಹಿಂದೂಗಳೇ" ಎಂದು ಹೇಳುವಾಗ ಅದರ ಹಿಂದೆ ಏನಿರುತ್ತದೆಂದು ಎಲ್ಲರಿಗೂ ಗೊತ್ತು. ಈ ಗುಮಾಸ್ತೆಯ ಮಾತಿನ ಹಿಂದೆ ಅಂಥದ್ದೇನೂ ಇರಲಿಲ್ಲ. ಪದ ಅದೇ, ವಿಷ ಇಲ್ಲ. ಆ ದಿನ ರಾತ್ರಿ ನಾವು ಈ ವಿಷಯಕ್ಕೆ ಜಗಳವಾಡಿದೆವು ಎಂಬುದನ್ನೂ ಹೇಳಬೇಕು. "ಒಂದು ಹೆಸರಿಗೆ ಇಷ್ಟು ಯಾಕೆ?" ಎಂದವಳಿಗೆ, "ನಿನ್ನನ್ನು ಯಾರೂ ದಿನಾ ಕೇಳುವುದಿಲ್ಲವಲ್ಲ, ಅದಕ್ಕೆ" ಎಂಬ ಉತ್ತರ ಸಿಕ್ಕಿತು. ಅದಕ್ಕೆ ಮರುಮಾತು ಇರಲಿಲ್ಲ.

ಸ್ಕಾರ್ಫ್ ಕಂಡವರು 'ತುರ್ಕಾ?' ಎಂದೂ ಕೇಳುತ್ತಿದ್ದರು. ನೂರು ವರ್ಷಗಳ ಹಿಂದೆ ಸಿರಿಯಾ, ಲೆಬನಾನಿನಿಂದ ಹಡಗಿನಲ್ಲಿ ಬಂದವರ ಕೈಯಲ್ಲಿ ಉಸ್ಮಾನಿ ಸಾಮ್ರಾಜ್ಯದ ಕಾಗದವಿತ್ತು. ಅಂದಿನಿಂದ ಅರಬರೆಲ್ಲ ಅಲ್ಲಿ ತುರ್ಕರು. 1989ರಿಂದ ಹತ್ತು ವರ್ಷ ಅಧ್ಯಕ್ಷರಾಗಿದ್ದ ಕಾರ್ಲೊಸ್ ಮೆನೆಮ್ ಅಂತಹ ಒಂದು ಸಿರಿಯನ್ ಮುಸ್ಲಿಮ್ ಮನೆಯಲ್ಲಿ ಹುಟ್ಟಿ ಮುಂದೆ ಕ್ಯಾಥೊಲಿಕರಾದವರು. ಅವರ ಕಾಲದಲ್ಲಿ ಕೊಟ್ಟ ಜಾಗದಲ್ಲಿ ಎದ್ದ ದೊಡ್ಡ ಮಸೀದಿ 2000ದಲ್ಲಿ ಪಾಲೆರ್ಮೊದಲ್ಲಿ ತೆರೆಯಿತು. ಇಂಡಿಯಾ ಎಂದರೆ ಹಿರಿಯರಿಗೆ ನೆನಪಾಗುವುದು ಗಾಂಧಿ, ಆಮೇಲೆ ಟಾಗೋರ್. 1924ರಲ್ಲಿ ಪೆರುವಿಗೆ ಹೊರಟಿದ್ದ ಟಾಗೋರರು ಕಾಯಿಲೆ ಬಿದ್ದು ಈ ನಗರದಲ್ಲೇ ಇಳಿದಾಗ ವಿಕ್ಟೋರಿಯಾ ಒಕಾಂಪೊ ಎಂಬ ಲೇಖಕಿ ಎರಡು ತಿಂಗಳ ಕಾಲ ಉಪಚರಿಸಿದ್ದರು. ನಮ್ಮ ಅಜ್ಜಿಯ ಕಪಾಟಿನಲ್ಲೂ ಟಾಗೋರರ ಒಂದು ಪುಸ್ತಕವಿತ್ತು. ಬೆಕ್ಕು ಅದರ ಅಟ್ಟೆಯನ್ನು ಕಿತ್ತಿತ್ತು.

ಊಟದ ಕಷ್ಟವನ್ನು ವಿಸ್ತರಿಸುವುದಿಲ್ಲ. ಪರದೇಶಕ್ಕೆ ಹೋದವರೆಲ್ಲ ಅದನ್ನೇ ಬರೆದಿದ್ದಾರೆ. ಒಂದೇ ಮಾತು. ಅಲ್ಲಿ 'ಮಾಂಸ' ಎಂದರೆ ದನದ ಮಾಂಸ. "ಮಾಂಸ ಇಲ್ಲದ್ದು ಕೊಡಿ" ಎಂದರೆ ಹಂದಿಯ ತೊಡೆಯ ತೆಳು ಚೂರುಗಳನ್ನು ಹರಡಿದ ತಟ್ಟೆಯನ್ನು ನಗುನಗುತ್ತ ತಂದಿಡುತ್ತಾರೆ. ಹೀಗೆ ಇಬ್ಬರೂ ಒಟ್ಟಿಗೆ ಉಪವಾಸ. ಕೊನೆಗೆ ಕಾಪಾಡಿದ್ದು ಪಿಜ್ಜಾ ಅಂಗಡಿಯಲ್ಲಿ ಸಿಗುವ 'ಫಾಯ್ನಾ'. ಕಡಲೆಹಿಟ್ಟಿನ ದಪ್ಪ ರೊಟ್ಟಿ ಎನ್ನಬಹುದು, ನಾಲಿಗೆಗೆ ಗುರುತಿನದ್ದು.

ನಾವು ಸೇರಿದ್ದು ಬ್ಯೂನಸ್ ಐರಿಸ್ ವಿಶ್ವವಿದ್ಯಾಲಯದ ತತ್ವಶಾಸ್ತ್ರ ಮತ್ತು ಸಾಹಿತ್ಯ ವಿಭಾಗ. 1821ರಲ್ಲಿ ಸ್ಥಾಪನೆಯಾದ ವಿಶ್ವವಿದ್ಯಾಲಯವಿದು. ಪುಆನ್ ಎಂಬ ಬೀದಿಯಲ್ಲಿರುವ ಈ ವಿಭಾಗದ ಕಟ್ಟಡ ಹಿಂದೆ ಸಿಗರೇಟು ಕಾರ್ಖಾನೆಯಾಗಿತ್ತು. ಹೋಗುವಾಗ ಅರ್ಧ ಗಂಟೆ ನಡೆದು ಕಾಸ್ತ್ರೊ ಬಾರೊಸ್ ನಿಲ್ದಾಣದಲ್ಲಿ ಸುರಂಗ ರೈಲು ಹತ್ತುತ್ತಿದ್ದೆವು. 1913ರಲ್ಲಿ, ಲ್ಯಾಟಿನ್ ಅಮೆರಿಕದಲ್ಲೇ ಮೊದಲನೆಯದಾಗಿ, ತೆರೆದ ಮಾರ್ಗವದು. ಆ ಕಾಲದ ಮರದ ಬೋಗಿಗಳು ಆಗಲೂ ಓಡುತ್ತಿದ್ದವು: ಮರದ ಬೆಂಚು, ಕನ್ನಡಿ, ಹಳದಿ ದೀಪ, ಕೈಯಿಂದ ಎಳೆದು ತೆರೆಯುವ ಬಾಗಿಲು. 2013ರ ಜನವರಿಯಲ್ಲಿ ಅವನ್ನು ನಿಲ್ಲಿಸಿದರೆಂದು ಓದಿದಾಗ ಇಬ್ಬರೂ ಒಂದು ದಿನ ಮಂಕಾಗಿದ್ದೆವು. ರೈಲಿನ ಟಿಕೆಟಿಗೆ ಕಿಟಕಿಯಲ್ಲಿ ನೋಟು ಕೊಟ್ಟರಾಗುತ್ತಿತ್ತು. ಸಮಸ್ಯೆ ರಾತ್ರಿಯದ್ದು. ಅಲ್ಲಿನ ವಿದ್ಯಾರ್ಥಿಗಳಲ್ಲಿ ಬಹಳ ಮಂದಿ ಹಗಲು ದುಡಿಯುವವರು, ಹಾಗಾಗಿ ನಮ್ಮ ತರಗತಿ ಸಂಜೆ ಏಳರಿಂದ ಹನ್ನೊಂದು. ನಾವು ಹೊರಗೆ ಬರುವಾಗ ರೈಲು ನಿಂತಿರುತ್ತಿತ್ತು. ಉಳಿದದ್ದು ಬಸ್ಸು, ಅಂದರೆ ನಾಣ್ಯ.

ತರಗತಿಯೊಳಗೆ ಕಂಡದ್ದನ್ನು ನಂಬಲು ನಮಗೆ ಕೆಲವು ದಿನ ಬೇಕಾಯಿತು. ವಿದ್ಯಾರ್ಥಿಗಳು ಪ್ರೊಫೆಸರನ್ನು ಹೆಸರು ಹಿಡಿದು, 'ವೊಸ್' ಎಂದು ಕರೆಯುತ್ತಿದ್ದರು. ಮೇಷ್ಟ್ರಿಗೆ 'ನೀನು' ಎನ್ನಲು ನಮಗೆ ನಾಲಿಗೆ ಏಳಲಿಲ್ಲ. ಬಹುವಚನವಿಲ್ಲದ ಕಡೆಯೂ ಬಹುವಚನ ಹುಡುಕಿ ನಗೆಪಾಟಲಾದೆವು. ಪಾಠದ ನಡುವೆ ಬಾಗಿಲು ತಟ್ಟಿ ಒಬ್ಬ ಹುಡುಗಿ ಒಳಬರುತ್ತಾಳೆ, "ಐದು ನಿಮಿಷ" ಎನ್ನುತ್ತಾಳೆ, ಪ್ರೊಫೆಸರ್ ಸೀಮೆಸುಣ್ಣ ಇಟ್ಟು ಪಕ್ಕಕ್ಕೆ ಸರಿಯುತ್ತಾರೆ. ಅವಳು ಯಾವುದೋ ಮುಷ್ಕರದ, ಮೆರವಣಿಗೆಯ ವಿಷಯ ಹೇಳಿ ಹೋಗುತ್ತಾಳೆ. ವಿದ್ಯಾರ್ಥಿಗಳಿಗೆ ವಿಶ್ವವಿದ್ಯಾಲಯದ ಆಡಳಿತದಲ್ಲೇ ಪಾಲು ಬೇಕೆಂದು 1918ರಲ್ಲಿ ಕೊರ್ದೊಬಾ ನಗರದಲ್ಲಿ ನಡೆದ ಚಳವಳಿಯ ಫಲ ಅದು. ಪದವಿ ಓದಿಗೆ ಶುಲ್ಕವಿಲ್ಲ, 1949ರಲ್ಲಿ ತೆಗೆದುಹಾಕಿದ್ದು. ನೆರೆಯ ದೇಶಗಳಿಂದ ಬಂದವರೂ ಆಗ ಪುಕ್ಕಟೆಯಾಗಿ ಓದುತ್ತಿದ್ದರು. ಕಾಯಂ ನಿವಾಸವಿಲ್ಲದ ವಿದೇಶಿಯರಿಂದ ಶುಲ್ಕ ಪಡೆಯಲು ವಿಶ್ವವಿದ್ಯಾಲಯಗಳಿಗೆ ಅವಕಾಶ ಕೊಡುವ ಸುಗ್ರೀವಾಜ್ಞೆಯನ್ನು ಅಲ್ಲಿನ ಸರಕಾರ 2025ರ ಮೇ ತಿಂಗಳಲ್ಲಿ ಹೊರಡಿಸಿತು.

ಭೇಟಿಯಾದಾಗ ಕೆನ್ನೆಗೆ ಕೆನ್ನೆ ತಾಗಿಸಿ ಮುತ್ತಿಡುವುದು ಅಲ್ಲಿನ ರೂಢಿ, ಗಂಡಸರೂ ಹೆಂಗಸರೂ ಒಂದೇ. ಮೊದಲ ದಿನ ಸಹಪಾಠಿ ಹುಡುಗನೊಬ್ಬ ಮುಖ ಮುಂದೆ ತಂದಾಗ ನಾವಿಬ್ಬರೂ ಒಂದೇ ಸಲ ಹಿಂದೆ ಸರಿದು ಕುರ್ಚಿ ಬೀಳಿಸಿದೆವು. ಉಪ್ಪಿನಂಗಡಿಯವಳು ಎದೆಯ ಮೇಲೆ ಕೈಯಿಟ್ಟು ತಲೆ ಬಾಗಿಸಿದಳು. ಮರುದಿನ ಅವನು ದೂರದಿಂದಲೇ ಎದೆಯ ಮೇಲೆ ಕೈಯಿಟ್ಟು ಬಂದ. ವಾರದೊಳಗೆ ಅರ್ಧ ತರಗತಿ ನಮಗೆ ಹಾಗೆಯೇ ನಮಸ್ಕರಿಸುತ್ತಿತ್ತು.

'ಮಾತೆ' ಮಾತ್ರ ತಪ್ಪಿಸಿಕೊಳ್ಳುವಂತಿರಲಿಲ್ಲ. ಸೋರೆಬುರುಡೆಯಂಥ ಸಣ್ಣ ಪಾತ್ರೆಯಲ್ಲಿ ಕಹಿ ಸೊಪ್ಪಿನ ಪುಡಿ, ಅದಕ್ಕೆ ಬಿಸಿನೀರು, ಲೋಹದ ಒಂದೇ ಒಂದು ಕೊಳವೆ. ಒಬ್ಬರು ಹೀರಿದ ಕೊಳವೆಯಲ್ಲೇ ಸುತ್ತ ಕುಳಿತವರೆಲ್ಲ ಹೀರಬೇಕು. ಎಂಜಲು! ಕುಂದಾಪುರದವಳ ಅಜ್ಜಿ ನೋಡಿದ್ದರೆ ಅಲ್ಲಿಯೇ ಸ್ನಾನ ಮಾಡಿಸುತ್ತಿದ್ದರು. ಎಂಜಲಿನ ಲೆಕ್ಕದಲ್ಲಿ ಯಾರು ಯಾರ ಮನೆಯ ಹೊರಗೆ ನಿಲ್ಲಬೇಕು ಎಂಬುದು ತೀರ್ಮಾನವಾಗುವ ನಾಡಿನಿಂದ ಬಂದವರು ನಾವು. ಕಣ್ಣು ಮುಚ್ಚಿ ಕುಡಿದೆವು. ಮರ್ಯಾದೆಗೆಂದು 'ಗ್ರಾಸಿಯಾಸ್', ಅಂದರೆ ವಂದನೆ, ಎಂದೆವು. ಆಮೇಲೆ ಪಾತ್ರೆ ನಮ್ಮತ್ತ ಬರಲೇ ಇಲ್ಲ. ಎಂಜಲು ನಮ್ಮದೇ ಆಗಿಹೋಯಿತೇನೋ ಎಂದು ಮನಸ್ಸಿಗೆ ಚುಚ್ಚಿತು. ಎರಡು ದಿನ ಬಿಟ್ಟು ತಿಳಿಯಿತು: ಮಾತೆ ಕುಡಿದು ವಂದನೆ ಹೇಳಿದರೆ 'ನನಗೆ ಸಾಕು' ಎಂದರ್ಥ.

ಮೊದಲ ತರಗತಿಯ ರಾತ್ರಿ ನಮ್ಮಲ್ಲಿ ಒಟ್ಟು 90 ಸೆಂತಾವೊ ಚಿಲ್ಲರೆಯಿತ್ತು. ಡ್ರೈವರ್ ಕೈಯಾಡಿಸಿ ಇಳಿಯಲು ಹೇಳಿದ. ಪೆದ್ರೊ ಗೊಯೆನಾ ರಸ್ತೆಯ ಮರಗಳ ಕೆಳಗೆ ನಾವು ನಡೆದೇ ಹೊರಟೆವು. ಸಹಪಾಠಿಯೊಬ್ಬಳು, ಬೊಯೆದೊ ಕಡೆಯವಳೇ, "ನನ್ನ ಹತ್ತಿರವೂ ಇಲ್ಲ" ಎನ್ನುತ್ತ ಜೊತೆಯಾದಳು. ಊರಿನಲ್ಲಿ ನಮಗೆ ವಿದ್ಯಾರ್ಥಿಗಳ ಬಸ್ ಪಾಸ್ ಇತ್ತು, ಇಲ್ಲಿ ಇಲ್ಲವೇ ಎಂದು ಕೇಳಿದೆವು. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, 'ಪೆನ್ಸಿಲುಗಳ ರಾತ್ರಿ'ಯ ಕತೆ ಹೇಳಿದಳು. 1976ರ ಮಾರ್ಚ್ 24ರಂದು ಸೇನೆ ಅಧಿಕಾರ ಕಿತ್ತುಕೊಂಡಿತು. ಅದೇ ವರ್ಷ ಸೆಪ್ಟೆಂಬರ್ 16ರ ರಾತ್ರಿ ಮತ್ತು ಆಸುಪಾಸಿನ ದಿನಗಳಲ್ಲಿ ಪಕ್ಕದ ಲಾ ಪ್ಲಾತಾ ನಗರದಲ್ಲಿ ಹತ್ತು ಮಂದಿ ಹೈಸ್ಕೂಲು ವಿದ್ಯಾರ್ಥಿಗಳನ್ನು ಎಳೆದೊಯ್ದರು. ಆರು ಮಂದಿ ಮರಳಲಿಲ್ಲ. ಹಿಂದಿನ ವರ್ಷ ವಿದ್ಯಾರ್ಥಿಗಳಿಗೆ ಬಸ್ ಟಿಕೆಟಿನಲ್ಲಿ ರಿಯಾಯಿತಿ ಬೇಕೆಂದು ನಡೆದ ಹೋರಾಟದಲ್ಲಿ ಅವರಲ್ಲಿ ಹಲವರಿದ್ದರು. ಅದೊಂದೇ ಕಾರಣವಲ್ಲ ಎಂದು ಬದುಕಿ ಬಂದವರೇ ಹೇಳಿದ್ದಾರೆ. ಆದರೂ ಆ ರಾತ್ರಿ ನಾವು ಮುಷ್ಟಿಯಲ್ಲಿ ಹಿಡಿದಿದ್ದ 90 ಸೆಂತಾವೊ ಭಾರವೆನಿಸಿತು. ಉಳಿದ ದಾರಿಯಲ್ಲಿ ಮೂವರೂ ಹೆಚ್ಚು ಮಾತಾಡಲಿಲ್ಲ.

ಮನೆಯ ಬಾಗಿಲಲ್ಲಿ ಅಜ್ಜಿ ರಾತ್ರಿಯುಡುಪಿನಲ್ಲೇ ನಿಂತಿದ್ದರು. ಗಂಟೆ ಹನ್ನೆರಡು ದಾಟಿತ್ತು. ಬೈದರು. ಕೇಳಿ ತಿಳಿದುಕೊಂಡ ಮೇಲೆ ಇನ್ನೂ ಬೈದರು. ಆಮೇಲೆ ಅಡುಗೆ ಮನೆಯಿಂದ ಒಂದು ಜಾಮ್ ಬಾಟಲಿ ತಂದು ಮೇಜಿನ ಮೇಲೆ ಸುರಿದರು. ತುಂಬ ನಾಣ್ಯ! ಆ ವರ್ಷ ಆ ನಗರದಲ್ಲಿ ಅಂತಹ ಬಾಟಲಿ ಬಂಗಾರದ ಡಬ್ಬಿ ಇದ್ದಂತೆ. 2 ಪೆಸೊ 40 ಸೆಂತಾವೊ ಎಣಿಸಿ ಪಕ್ಕಕ್ಕೆ ಸರಿಸಿ, "ತರಗತಿ ಇರುವ ದಿನ ಬೆಳಿಗ್ಗೆ ಇಲ್ಲಿ ಇಟ್ಟಿರುತ್ತೇನೆ. ನೋಟು ಆಮೇಲೆ ಕೊಡಿ. ರಾತ್ರಿ ನಡೆಯಬಾರದು" ಎಂದರು. ಅಂದಿನಿಂದ ಮೇಜಿನ ಮೂಲೆಯಲ್ಲಿ ನಾಣ್ಯದ ಎರಡು ಸಣ್ಣ ಗೋಪುರಗಳು ನಮ್ಮನ್ನು ಕಾಯುತ್ತಿದ್ದವು.

ಮಾರ್ಚ್ 15, ಭಾನುವಾರ. ಒಂದೂವರೆಗೆ ಸರಿಯಾಗಿ ನಾವು ಫೋನ್ ಅಂಗಡಿಯ ಗೂಡಿನೊಳಗೆ ಹೋಗಿ ಉಪ್ಪಿನಂಗಡಿಗೆ ಕರೆ ಮಾಡಿದೆವು. ಮೊದಲ ರಿಂಗ್ ಮುಗಿಯುವ ಮೊದಲೇ ಎತ್ತಿದರು. ಆಚೆಯಿಂದ ಅಳು ಮಾತ್ರ ಕೇಳಿಸಿತು. ಉಮ್ಮ ಮಾತನಾಡುವ ಸ್ಥಿತಿಯಲ್ಲೇ ಇರಲಿಲ್ಲ. ಫೋನ್ ತೆಗೆದುಕೊಂಡ ಅಣ್ಣ, "ಒಂದು ಗಂಟೆಯಿಂದ ಏನು ಮಾಡುತ್ತಿದ್ದಿರಿ? ರಾಯಭಾರ ಕಛೇರಿಯ ನಂಬರು ಹುಡುಕುತ್ತಿದ್ದೆ" ಎಂದ. ಕುಂದಾಪುರದ ಮನೆಯಲ್ಲೂ ಅದೇ. "ಎಲ್ಲಿ ಹೋಯ್ದೆ? ಒಂದ್ ಫೋನ್ ಮಾಡೂಕಾತಿಲ್ಯಾ?" ಎಂದ ಅಮ್ಮನ ಸ್ವರ ನಡುಗುತ್ತಿತ್ತು. ಆಗಿದ್ದದ್ದು ಇಷ್ಟೇ: ಹಿಂದಿನ ಮಧ್ಯರಾತ್ರಿ ಬೇಸಿಗೆಯ ಸಮಯ ಮುಗಿದು ಅರ್ಜೆಂಟೀನಾ ತನ್ನ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸಿತ್ತು. ಗೋಡೆಯ ಗಡಿಯಾರವನ್ನು ಅಜ್ಜಿ ಬೆಳಿಗ್ಗೆ ಸರಿಪಡಿಸಿದ್ದರು, ನಾವು ಅದನ್ನೇ ನೋಡಿ ಹೊರಟಿದ್ದೆವು. ಊರಿನಲ್ಲಿ ಆಗ ರಾತ್ರಿ ಹತ್ತು.

ಒಂದು ಗಂಟೆ. ಅಷ್ಟರಲ್ಲಿ ಉಮ್ಮ ಎರಡು ರಕಅತ್ ನಮಾಝ್ ಮಾಡಿ ಹರಕೆ ಹೊತ್ತಿದ್ದರು, ಅಮ್ಮ ದೇವರ ಮುಂದೆ ದೀಪ ಹಚ್ಚಿ ಕುಳಿತಿದ್ದರು. ಇಬ್ಬರೂ ಒಬ್ಬರಿಗೊಬ್ಬರು ಫೋನ್ ಮಾಡಿಕೊಂಡಿದ್ದರೆಂದೂ ಆಮೇಲೆ ತಿಳಿಯಿತು. ಅದಕ್ಕೆ ಮೊದಲು ಅವರು ಮಾತಾಡಿದವರೇ ಅಲ್ಲ.

ಅದೇ ವಾರ ಟಿವಿಯಲ್ಲಿ 24ರ ಮೆರವಣಿಗೆಯ ಸುದ್ದಿ ಬರುತ್ತಿತ್ತು; ಆ ದಿನ ಅಲ್ಲಿ ಸಾರ್ವತ್ರಿಕ ರಜೆ. ಬಿಳಿ ತಲೆವಸ್ತ್ರ ಕಟ್ಟಿದ ವೃದ್ಧೆಯರನ್ನು ತೋರಿಸಿದರು. 'ಪ್ಲಾಸಾ ದೆ ಮಾಯೊ'ದ ತಾಯಂದಿರೆಂದು ನಾವು ದೆಹಲಿಯಲ್ಲೇ ಓದಿದ್ದೆವು. ಗುರುವಾರ ನೋಡಲು ಹೋಗುತ್ತೇವೆ ಎಂದೆವು. ಅಜ್ಜಿ ಬೆಕ್ಕಿಗೆ ಹಾಲು ಹಾಕುತ್ತ ಹೇಳಿದರು, "ಅದೆಲ್ಲ ರಾಜಕೀಯ. ನೀವು ಓದಲು ಬಂದವರು." ಸ್ವಲ್ಪ ತಡೆದು, "ಸುಮ್ಮನೆ ಯಾರನ್ನೂ ಎಳೆದೊಯ್ಯುವುದಿಲ್ಲ. ಏನಾದರೂ ಮಾಡಿರಬೇಕು."

'ಆಲ್ಗೊ ಆಬ್ರಾನ್ ಎಚೊ.' ಮೂರೇ ಪದ. ಈ ಮಾತು ಆ ಕರಾಳ ವರ್ಷಗಳಲ್ಲಿ ಬೀದಿಬೀದಿಯಲ್ಲಿ ಕೇಳಿಬರುತ್ತಿದ್ದದ್ದೆಂದು ಆಮೇಲೆ ತರಗತಿಯಲ್ಲಿ ತಿಳಿದೆವು. ಪಕ್ಕದ ಮನೆಯ ಹುಡುಗನನ್ನು ನಡುರಾತ್ರಿ ಎತ್ತಿಕೊಂಡು ಹೋದಾಗ ಕಿಟಕಿ ಮುಚ್ಚಿಕೊಂಡವರು ತಮ್ಮನ್ನು ತಾವೇ ಸಮಾಧಾನ ಪಡಿಸಿಕೊಂಡ ಮಾತು. ಆದರೆ ಆ ಸಂಜೆ ನಮಗೆ ಅದರ ಅರ್ಥ ಹುಡುಕಬೇಕಾಗಲಿಲ್ಲ. ಊರಿನಲ್ಲಿ ಯಾವುದೋ ಕೇಸಿನಲ್ಲಿ ಹುಡುಗನನ್ನು ಹಿಡಿದುಕೊಂಡು ಹೋದಾಗ "ಬೆಂಕಿಯಿಲ್ಲದೆ ಹೊಗೆ ಬರುತ್ತದಾ?" ಎಂದವರೂ, "ಆದರೂ ಆ ಹುಡುಗಿಯರು ಅಲ್ಲಿಗೆ ಯಾಕೆ ಹೋದದ್ದು?" ಎಂದವರೂ ಕೆಟ್ಟವರಾಗಿರಲಿಲ್ಲ. ನಮ್ಮ ಮಾಮಂದಿರು, ಚಿಕ್ಕಮ್ಮಂದಿರು, ನಮಗೆ ಉಡುಗೊರೆ ಕೊಟ್ಟವರು. ಮಧ್ಯರಾತ್ರಿ ಬಾಗಿಲಲ್ಲಿ ನಿಂತು ನಮಗಾಗಿ ಕಾದ ಈ ಅಜ್ಜಿಯಂತೆಯೇ. ಅಂಥವರ ಬಾಯಲ್ಲಿ ಕೇಳಿದಾಗಲೇ ಈ ಮಾತಿಗೆ ಹೆಚ್ಚು ಹೆದರಿಕೆಯಾಗುತ್ತದೆ. ನಾವು ಏನೂ ಉತ್ತರಿಸಲಿಲ್ಲ. ಅವರ ನಾಣ್ಯದಿಂದ ಓಡಾಡುತ್ತಿದ್ದವರು ನಾವು, ಧೈರ್ಯವಾಗಲಿಲ್ಲ ಎಂಬುದೇ ನಿಜ.

ಮಾರ್ಚ್ 19ರ ಗುರುವಾರ ಮಧ್ಯಾಹ್ನ ಮೂರೂವರೆಗೆ ನಾವು ಚೌಕದಲ್ಲಿದ್ದೆವು. ಅಧ್ಯಕ್ಷರ ಗುಲಾಬಿ ಬಣ್ಣದ ಅರಮನೆಯೆದುರು, ನಡುವೆ ಬಿಳಿಯ ಸ್ತಂಭ, ಅದರ ಸುತ್ತ ನೆಲದ ಮೇಲೆ ಬರೆದ ಬಿಳಿ ತಲೆವಸ್ತ್ರಗಳ ಚಿತ್ರ. ಪಾರಿವಾಳಗಳು, ಕ್ಯಾಮೆರಾ ಹಿಡಿದ ಪ್ರವಾಸಿಗರು, ಎರಡು ಬೇರೆಬೇರೆ ಬ್ಯಾನರುಗಳು. 1986ರಲ್ಲಿ ತಾಯಂದಿರಲ್ಲಿ ಒಡಕಾಗಿ ಎರಡು ಗುಂಪಾಗಿದ್ದರು. 1977ರ ಏಪ್ರಿಲ್ 30ರಂದು ಮಕ್ಕಳನ್ನು ಹುಡುಕುತ್ತ ಮೊದಲ ಸಲ ಇಲ್ಲಿ ಸೇರಿದಾಗ ಅವರು ಹದಿನಾಲ್ಕು ಮಂದಿ. ಗುಂಪಾಗಿ ನಿಲ್ಲಬಾರದು, ನಡೆಯುತ್ತಿರಿ ಎಂದು ಪೋಲೀಸರು ಗದರಿಸಿದ್ದರಿಂದ ಇಬ್ಬಿಬ್ಬರಾಗಿ ಸ್ತಂಭದ ಸುತ್ತ ನಡೆಯಲು ತೊಡಗಿದರು. ಆ ನಡಿಗೆ ಇಂದಿಗೂ ನಿಂತಿಲ್ಲ. ಅವರಲ್ಲೊಬ್ಬರಾದ ಅಸುಸೆನಾ ವಿಯಾಫ್ಲೋರ್ ಅವರನ್ನು ಅದೇ ವರ್ಷ ಡಿಸೆಂಬರಿನಲ್ಲಿ ಅಪಹರಿಸಿ ಕೊಂದರು. 2005ರಲ್ಲಿ ಅವಶೇಷಗಳ ಗುರುತು ಸಿಕ್ಕಿ, ಚಿತಾಭಸ್ಮವನ್ನು ಇದೇ ಸ್ತಂಭದ ಬುಡದಲ್ಲಿ ಇಟ್ಟರು. ಕಾಣೆಯಾದವರು 30,000 ಎಂದು ಮಾನವ ಹಕ್ಕು ಸಂಘಟನೆಗಳು ಹೇಳುತ್ತವೆ. 1984ರ ಸರಕಾರಿ ಆಯೋಗ ಹೆಸರು ಹಿಡಿದು ದಾಖಲಿಸಿದ್ದು 8,961. ನಾವು ಕಂಡ ಕಾಲದಲ್ಲಿ ಮುಂದೆ ನಿಂತಿದ್ದ ಹೆಬೆ ದೆ ಬೊನಾಫಿನಿ 2022ರಲ್ಲಿ, ನೊರಾ ಕೊರ್ತಿನ್ಯಾಸ್ 2024ರಲ್ಲಿ ತೀರಿಕೊಂಡರು.

ನಡಿಗೆ ಶುರುವಾಗುವ ಮೊದಲು ಬೆಂಚಿನ ಮೇಲೆ ಕುಳಿತಿದ್ದ ಒಬ್ಬ ತಾಯಿ ಉಪ್ಪಿನಂಗಡಿಯವಳನ್ನೇ ನೋಡುತ್ತಿದ್ದರು. ಆ ದಿನ ಅವಳು ಕಟ್ಟಿದ್ದ ಸ್ಕಾರ್ಫ್ ಬಿಳಿಯದ್ದು. ಬೇಕೆಂದು ಕಟ್ಟಿದ್ದಲ್ಲ, ಉಳಿದವು ಒಗೆಯಲು ಬಿದ್ದಿದ್ದವು. ಹತ್ತಿರ ಕರೆದರು.

"ಇದು ನಮಗಾಗಿ ಕಟ್ಟಿದ್ದೋ?"

"ಅಲ್ಲ, ಅಮ್ಮ. ನಾನು ಯಾವಾಗಲೂ ಕಟ್ಟುತ್ತೇನೆ. ನಾನು ಮುಸ್ಲಿಮ್."

"ಎಲ್ಲಿಯವಳು?"

"ಇಂಡಿಯಾ."

"ಓ, ಇಂದೂ" ಎಂದರು. ಈ ಸಲ ಅವಳು ಹೌದೆಂದು ತಲೆಯಾಡಿಸಿದಳು.

ಅವರ ತಲೆವಸ್ತ್ರದ ಅಂಚಿನಲ್ಲಿ ನೀಲಿ ನೂಲಿನಿಂದ ಒಂದು ಹೆಸರು, ಒಂದು ತಾರೀಕು ಕಸೂತಿ ಹಾಕಿತ್ತು. ಮೊದಮೊದಲು ಒಬ್ಬರನ್ನೊಬ್ಬರು ಗುರುತಿಸಲೆಂದು ಎಳೆಮಕ್ಕಳಿಗೆ ಕಟ್ಟುವ ಬಟ್ಟೆಯನ್ನೇ ತಲೆಗೆ ಕಟ್ಟಿಕೊಂಡೆವು ಎಂದರು. ಏನು ಓದುತ್ತೀರಿ ಎಂದು ಕೇಳಿದರು. ಹೇಳಿದೆವು. "ನನ್ನ ಮಗಳೂ ಅದನ್ನೇ. ಆಗ ಅದು ಬೇರೆ ಕಟ್ಟಡದಲ್ಲಿತ್ತು" ಎಂದು ಅಷ್ಟಕ್ಕೇ ನಿಲ್ಲಿಸಿದರು. ಆಮೇಲೆ, ಎಲ್ಲ ತಾಯಂದಿರೂ ಕೇಳುವುದನ್ನೇ ಕೇಳಿದರು, ಮನೆಗೆ ಫೋನ್ ಮಾಡುತ್ತೀರಾ? ಕುಂದಾಪುರದವಳು ಗಡಿಯಾರದ ಕತೆಯನ್ನು ತಮಾಷೆಯಾಗಿ ಹೇಳಿದಳು, ನಗುತ್ತಾರೆಂದುಕೊಂಡು. ಅವರು ನಗಲಿಲ್ಲ. "ಒಂದು ಗಂಟೆಯೋ?" ಎಂದು ಕೇಳಿ, ಗಲ್ಲದ ಕೆಳಗಿನ ಗಂಟನ್ನು ಬಿಗಿ ಮಾಡಿಕೊಂಡು ಎದ್ದರು. ಏಳಲು ಆಸರೆಗೆ ಉಪ್ಪಿನಂಗಡಿಯವಳ ಕೈ ಹಿಡಿದವರು ಅದನ್ನು ಬಿಡದೇ ನಡೆದರು. ಹಾಗಾಗಿ ನಾವೂ ಒಂದು ಸುತ್ತು ನಡೆದೆವು.

ಮನೆಗೆ ಬಂದು ಅಜ್ಜಿಗೆ ಹೇಳಿದೆವು, ಗುರುವಾರದ ನಡಿಗೆಗೆ ಹೋಗಿದ್ದೆವು, ಅವರೊಡನೆ ನಡೆದೆವು ಎಂದು. ಅವರು ಕೈಯಲ್ಲಿದ್ದ ಬಟ್ಟಲನ್ನು ತೊಳೆದರು, ಒರೆಸಿದರು, ಕಪಾಟಿನಲ್ಲಿಟ್ಟರು. "ಊಟ ಮಾಡಿ" ಎಂದು ಹೇಳಿ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು. ಟಿವಿಯ ಸದ್ದು ಕೇಳಿಸಲಿಲ್ಲ. ಬೇರೆ ಮನೆ ಹುಡುಕಬೇಕಾದೀತೆಂದು ನಾವು ಬಹಳ ಹೊತ್ತು ಪಿಸುಗುಟ್ಟುತ್ತ ಮಲಗಿದ್ದೆವು.

ಬೆಳಿಗ್ಗೆ ಎದ್ದಾಗ ಅವರು ಮಾರುಕಟ್ಟೆಗೆ ಹೋಗಿದ್ದರು. ಮೇಜಿನ ಮೂಲೆಯಲ್ಲಿ ಎರಡು ಗೋಪುರಗಳಿದ್ದವು, ತಲಾ 1 ಪೆಸೊ 20 ಸೆಂತಾವೊ. ಕುಂದಾಪುರದವಳು ಎರಡು ಸಲ ಎಣಿಸಿ ನೋಡಿದಳು. ನಾವು ಪೆಸೊ ನೋಟುಗಳನ್ನು ಬಾಟಲಿಯ ಕೆಳಗಿಟ್ಟು, ಉಳಿಕೆಗೆ ಮಿಠಾಯಿ ಸಾಕು ಎಂದು ಚೀಟಿ ಬರೆದು, ತರಗತಿಗೆ ಹೊರಟೆವು.